ಬ್ರ್ಯಾಂಬಲ್ ತಂದ ಬಾಣ

೨೦೦೨ರ ಅಕ್ಟೋಬರ್. ಆಗ ನಾನು ಬ್ರಿಟನ್ನಿನ ಲಫ್‌ಬರೋ ಪಟ್ಟಣದ ಅಂಚಿನ ಒಂದು ವೆಟರ್ನರಿ ಕ್ಲಿನಿಕ್ಕಿನಲ್ಲಿ ಸಹಾಯಕ ಪಶುವೈದ್ಯೆಯಾಗಿದ್ದೆ. ಕರ್ನಾಟಕದಲ್ಲಿ ಎಮ್ಮೆ ಹಸುಗಳ ಹೆರಿಗೆ ಮಾಡಿಸಿಕೊಂಡಿದ್ದವಳು ಇಲ್ಲಿನ ಪರೀಕ್ಷೆ ಪಾಸು ಮಾಡಿ ಕೆಲಸಕ್ಕೆ ಸೇರಿದಾಗ ನನ್ನ ಪಾಲಿಗೆ ಬಂದದ್ದು ಬೊಜ್ಜು ಬೆಳೆದ ಬೆಕ್ಕುಗಳು ಮತ್ತು ಹಲ್ಲುನೋವಿನ ಮೊಲಗಳು. ಅವುಗಳ ಜೊತೆಗೆ ಸುತ್ತಲಿನ ಎಸ್ಟೇಟುಗಳಿಂದ, ಅಂದರೆ ಸಿರಿವಂತರ ದೊಡ್ಡ ಹೊಲ-ಕಾಡುಗಳಿಂದ, ಬೇಟೆನಾಯಿಗಳೂ ಬರುತ್ತಿದ್ದವು. ನಾಯಿಗಳ ಕಾಯಿಲೆ ನನಗೆ ತಿಳಿಯುತ್ತಿತ್ತು, ಯಜಮಾನರ ಮಾತು ತಿಳಿಯುತ್ತಿರಲಿಲ್ಲ. ಕೆಲವು ತಿಂಗಳು ಸುಮ್ಮನೆ ತಲೆಯಾಡಿಸಿ ಕಾಲ ತಳ್ಳಿದೆ. ಕೊನೆಗೆ ನಾಚಿಕೆ ಬಿಟ್ಟು ಬಂದವರನ್ನೆಲ್ಲ ಕೇಳಿ ಕಲಿತೆ.

ಓದುಗರಿಗೂ ಅಷ್ಟನ್ನು ಹೇಳಿಬಿಡುತ್ತೇನೆ. ನಾವು ಬೇಟೆ ಎಂದು ಒಂದೇ ಮಾತಿನಲ್ಲಿ ಮುಗಿಸುವುದಕ್ಕೆ ಇಲ್ಲಿ ಮೂರು ಹೆಸರುಗಳಿವೆ. ಕುದುರೆ ಏರಿ, ನಾಯಿಹಿಂಡು ಬಿಟ್ಟು ನರಿಯನ್ನು ಅಟ್ಟಿಸಿಕೊಂಡು ಹೋಗುವುದು ಹಂಟಿಂಗ್. ಹಾರುವ ಹಕ್ಕಿಗೆ ಗುಂಡು ಹೊಡೆಯುವುದು ಶೂಟಿಂಗ್. ಬಂದೂಕು ಹಿಡಿದು ಸದ್ದಿಲ್ಲದೆ ಜಿಂಕೆಯ ಹಿಂದೆ ಹೋಗುವುದು ಸ್ಟಾಕಿಂಗ್. ಒಂದನ್ನು ಇನ್ನೊಂದರ ಹೆಸರಿನಿಂದ ಕರೆದರೆ ಯಾರೂ ತಿದ್ದುವುದಿಲ್ಲ, ಆದರೆ ಮುಖ ಸ್ವಲ್ಪ ಹುಳ್ಳಗಾಗುತ್ತದೆ.

ಜಿಂಕೆಗಳ ವಿಷಯವೂ ಹಾಗೆಯೇ. ಕೆಂಪು ಜಿಂಕೆಯಲ್ಲಿ ಗಂಡು ಸ್ಟ್ಯಾಗ್, ಹೆಣ್ಣು ಹೈಂಡ್. ನಮ್ಮ ಚುಕ್ಕೆ ಜಿಂಕೆಯನ್ನು ನೆನಪಿಸುವ ಫ್ಯಾಲೋ ಜಿಂಕೆಯಲ್ಲಿ ಗಂಡು ಬಕ್, ಹೆಣ್ಣು ಡೋ, ಮರಿ ಫಾನ್. ವಯಸ್ಸಿಗೆ ಬಂದ ಬಕ್‌ನ ಕೊಂಬು ಬಿಡಿಸಿದ ಅಂಗೈಯಂತೆ ಅಗಲ. ಎರಡನೆಯ ವರ್ಷದ ಎಳೆಯ ಬಕ್‌ಗೆ ಪ್ರಿಕೆಟ್ ಎನ್ನುತ್ತಾರೆ. ಅದರ ತಲೆಯ ಮೇಲೆ ಕವಲಿಲ್ಲದ, ಚೂಪಾದ ಎರಡು ಕಡ್ಡಿಗಳಷ್ಟೇ ಇರುತ್ತವೆ. ಅಕ್ಟೋಬರ್ ತಿಂಗಳು ಫ್ಯಾಲೋಗಳಿಗೆ ರಟ್, ಅಂದರೆ ಬೆದೆಯ ಕಾಲ. ಆಗ ಗಂಡುಗಳಿಗೆ ಊಟ ನಿದ್ದೆಯ ಪರಿವೆ ಇರುವುದಿಲ್ಲ, ಕಾದಾಟವೊಂದೇ ಕೆಲಸ.

ಆ ತಿಂಗಳ ಒಂದು ಬೆಳಿಗ್ಗೆ ಕ್ರೇಗ್ ಎಂಬ ಪೊಲೀಸ್ ಅಧಿಕಾರಿ ಟ್ರೇಲರಿನಲ್ಲಿ ಸತ್ತ ಬಕ್ ಒಂದನ್ನು ಹಾಕಿಕೊಂಡು ಕ್ಲಿನಿಕ್ಕಿಗೆ ಬಂದ. ಜಿಲ್ಲೆಯಲ್ಲಿ ವನ್ಯಜೀವಿ ಅಪರಾಧಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಜಿಂಕೆಯ ಪಕ್ಕೆಯಲ್ಲಿ ಒಂದು ತೂತು ಇತ್ತು. ಕ್ರೇಗ್‌ನ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಒಂದು ಬಾಣವಿತ್ತು. ಬ್ರಿಟನ್ನಿನಲ್ಲಿ ಜಿಂಕೆಗೆ ಬಾಣ ಬಿಡುವುದೇ ಅಪರಾಧ. ಇಲ್ಲಿ ಆರ್ಚರಿ ಎಂದರೆ ಕ್ಲಬ್ಬಿನ ಮೈದಾನದಲ್ಲಿ ಹುಲ್ಲಿನ ಗುರಿಹಲಗೆಗೆ ಹೊಡೆಯುವ ಆಟ ಮಾತ್ರ. ಆಟದ ನಿಯಮದಂತೆ ಪ್ರತಿಯೊಬ್ಬರೂ ತಮ್ಮ ಬಾಣದ ಮೇಲೆ ಹೆಸರಿನ ಮೊದಲಕ್ಷರ ಬರೆದಿರಬೇಕು. ಈ ಬಾಣದ ಮೇಲೆ ಐ.ಎಂ. ಎಂದಿತ್ತು.

ಐ.ಎಂ. ಅಂದರೆ ಇಮ್ರಾನ್ ಮುಲ್ಲಾ. ಹುಬ್ಬಳ್ಳಿಯ ಹುಡುಗ, ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಎಂ.ಎಸ್ಸಿ. ಓದುತ್ತಿದ್ದ. ಆರ್ಚರಿ ಕ್ಲಬ್ಬಿಗೆ ಸೇರಿ ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಪೊಲೀಸರು ಆಗಲೇ ಅವನನ್ನು ಕರೆಸಿ ವಿಚಾರಿಸಿದ್ದರು, ವಿಶ್ವವಿದ್ಯಾಲಯಕ್ಕೂ ಸುದ್ದಿ ಮುಟ್ಟಿತ್ತು. ಕೇಸು ದಾಖಲಾಗಿ ತಪ್ಪಿತಸ್ಥನೆಂದಾದರೆ ಓದು, ವೀಸಾ ಎರಡೂ ಕೈಬಿಟ್ಟು ಹೋಗುವ ಸಂಭವವಿತ್ತು. ಆ ವರ್ಷಗಳಲ್ಲಿ ಅಂಥ ಹೆಸರಿನ ಯುವಕನ ಕೈಯಲ್ಲಿ ಬಿಲ್ಲು ಕಂಡರೆ ಜನ ಎರಡನೆಯ ಸಲ ತಿರುಗಿ ನೋಡುತ್ತಿದ್ದರು ಎಂಬುದನ್ನೂ ಹೇಳಬೇಕು. ಕ್ರೇಗ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬಾಣ ಸಿಕ್ಕ ಬಗೆ ಹೀಗಿತ್ತು. ನಿವೃತ್ತ ಸರ್ವೇಯರ್ ವಿಲ್ಕ್ಸ್ ಎಂಬವರು ಹಿಂದಿನ ದಿನ ಬೆಳಿಗ್ಗೆ ತಮ್ಮ ಕಪ್ಪು ಲ್ಯಾಬ್ರಡಾರ್ ಹೆಣ್ಣುನಾಯಿ ಬ್ರ್ಯಾಂಬಲ್ ಜೊತೆ ಒಂದು ಎಸ್ಟೇಟಿನ ಕಾಲುದಾರಿಯಲ್ಲಿದ್ದರು. ಬ್ರ್ಯಾಂಬಲ್ ರಿಟ್ರೀವರ್ ಕೆಲಸಕ್ಕೆ ಪಳಗಿದ ನಾಯಿ. ಗುಂಡೇಟಿಗೆ ಬಿದ್ದ ಹಕ್ಕಿಯನ್ನು ಹುಡುಕಿ, ಒಂದು ಗರಿಯೂ ಕೆಡದಂತೆ ತಂದು ಯಜಮಾನನ ಕೈಗೆ ಒಪ್ಪಿಸುವುದು ಅದರ ಕಸುಬು. ಹಲ್ಲು ತಾಕದಂತೆ ಹಿಡಿಯುವ ಈ ಗುಣಕ್ಕೆ ಸಾಫ್ಟ್ ಮೌತ್ ಎನ್ನುತ್ತಾರೆ. ಅಭ್ಯಾಸಕ್ಕೆ ಹಕ್ಕಿಯ ಬದಲು ಡಮ್ಮಿ ಎಂಬ ಕ್ಯಾನ್ವಾಸ್ ದಿಂಡನ್ನು ಎಸೆಯುತ್ತಾರೆ. ಅಂದು ವಿಲ್ಕ್ಸ್ ಡಮ್ಮಿ ಎಸೆದರು, ನಾಯಿ ಪೊದೆಗಳತ್ತ ಓಡಿತು. ತಿರುಗಿ ಬಂದಾಗ ಅದರ ಬಾಯಲ್ಲಿದ್ದದ್ದು ಡಮ್ಮಿಯಲ್ಲ, ಬಾಣ. ವಿಲ್ಕ್ಸ್ ಬಾಣವನ್ನು ಒದ್ದೆ ಹುಲ್ಲಿನಿಂದ ಚೆನ್ನಾಗಿ ಒರೆಸಿ, ನಾಯಿ ಓಡಿದ ದಿಕ್ಕಿನಲ್ಲಿ ಹೋಗಿ ನೋಡಿದರೆ ಬಕ್ ಸತ್ತು ಬಿದ್ದಿತ್ತು. ನಾಯಿ ಜಿಂಕೆಯ ಮೈಯಿಂದ ಬಾಣ ಕಿತ್ತು ತಂದಿದೆ ಎಂದು ಅವರು ಪೊಲೀಸರಿಗೆ ಹೇಳಿಕೆ ಕೊಟ್ಟರು. ಒರೆಸಿದ ಬಾಣದಲ್ಲಿ ಪರೀಕ್ಷಿಸಲು ಏನೂ ಉಳಿದಿರಲಿಲ್ಲ.

ಮಧ್ಯಾಹ್ನ ಶವಪರೀಕ್ಷೆ ಮಾಡಿದೆ. ಗಾಯದ ಬಾಯಿ ಅಗಲವಾಗಿತ್ತು, ಒಳಗೆ ಹೋದಂತೆ ಸಪೂರವಾಗುತ್ತಿತ್ತು. ಬಾಣದ ಕೋಲು ಉದ್ದಕ್ಕೂ ಒಂದೇ ದಪ್ಪ, ಅದು ಮಾಡುವ ತೂತೂ ಹೆಚ್ಚುಕಡಿಮೆ ಒಂದೇ ಅಗಲ ಇರಬೇಕು. ಚರ್ಮ ಸುಲಿದಾಗ ಇನ್ನೊಂದು ವಿಷಯ ಕಂಡಿತು. ತೂತಿನಿಂದ ಒಂದು ಗೇಣು ದೂರದಲ್ಲಿ, ಹೊರಗೆ ಏನೂ ಕಾಣದ ಜಾಗದಲ್ಲಿ, ದುಂಡಗೆ ರಕ್ತ ಹೆಪ್ಪುಗಟ್ಟಿತ್ತು. ಜೋಡಿ ಕಡ್ಡಿಗಳಲ್ಲಿ ಒಂದು ಒಳಹೊಕ್ಕು, ಇನ್ನೊಂದು ಬರೀ ಗುದ್ದಿದ ಗುರುತು. ಬೆದೆಯ ಭರದಲ್ಲಿ ಯಾವುದೋ ಪ್ರಿಕೆಟ್ ಈ ದೊಡ್ಡಣ್ಣನ ಪಕ್ಕೆಗೆ ತಿವಿದಿದೆ ಎಂದು ನನಗೆ ಅನ್ನಿಸಿತು. ಹಾಗೆಯೇ ಕ್ರೇಗ್‌ಗೆ ಫೋನಿನಲ್ಲಿ ಹೇಳಿದೆ.

"ಅನ್ನಿಸಿತು ಅಂದ್ರೆ ಸಾಲದು ಡಾಕ್ಟರ್," ಎಂದ ಕ್ರೇಗ್. "ಬಿದ್ದ ಪೆಟ್ಟಿಗೂ ರಕ್ತ ಹೆಪ್ಪುಗಟ್ಟುತ್ತೆ. ಬಾಣ ಮಾತ್ರ ತಾನಾಗಿ ನಡೆದು ಬರಲ್ಲ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಸಿಟ್ಟು ಬಂತು, ತಪ್ಪಿಲ್ಲದ ಮಾತಿಗೆ ಬರುವ ಸಿಟ್ಟು.

ಮರುದಿನ ಇಮ್ರಾನ್ ಕ್ಲಿನಿಕ್ಕಿಗೆ ಬಂದ. ಬಾಗಿಲ ಫಲಕದಲ್ಲಿ ನನ್ನ ಹೆಸರು ನೋಡಿ ಕನ್ನಡದವಳೆಂದು ಊಹಿಸಿದ್ದ. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದವನು ನಾನು ಕನ್ನಡದಲ್ಲಿ ಕೂರಲು ಹೇಳಿದ ಕೂಡಲೇ ಭಾಷೆ ಬದಲಿಸಿದ.

"ಆ ಬಾಣ ನನ್ದ ಅದ ರೀ ಮೇಡಂ. ಇಲ್ಲ ಅನ್ನಂಗಿಲ್ಲ. ಆದ್ರ ಅದು ಕಳದ ಎಷ್ಟೋ ದಿನಾ ಆತು. ಹಲಗಿ ತಪ್ಪಿಸಿ ಹಿಂದಿನ ಹುಲ್ಲಿನ್ಯಾಗ ಹೋತು, ಎಷ್ಟ್ ಹುಡುಕಿದ್ರೂ ಸಿಗಲಿಲ್ಲ. ಪೊಲೀಸರಿಗೆ ಹೇಳೀನಿ, ನಂಬವಲ್ರು."

ತನಿಖೆ ನಡೆಯುತ್ತಿರುವಾಗ ಅವನ ಜೊತೆ ನಾನು ಮಾತಾಡುವಂತಿರಲಿಲ್ಲ. ಅದನ್ನೇ ಹೇಳಿದೆ: "ನೋಡಿ, ನಾನು ನಿಮ್ಮ ಪರವಾಗಿ ಇಲ್ಲಿ ಕೂತಿಲ್ಲ. ಆ ಜಿಂಕೆಗೆ ಏನಾಯ್ತು ಅಂತ ಹೇಳೋದಷ್ಟೇ ನನ್ನ ಕೆಲಸ. ನೀವು ಬಂದಿದ್ರಿ ಅಂತಾನೂ ಅವರಿಗೆ ತಿಳಿಸ್ಬೇಕಾಗುತ್ತೆ."

"ಹೇಳ್ರಿ," ಅಂದ. "ಜಿಂಕಿ ಪರಾನ ಮಾತಾಡ್ರಿ, ನನಗ ಅಷ್ಟ ಸಾಕು." ಅವನು ಎದ್ದು ಹೋದ ಮೇಲೂ ಆ ಮಾತು ಕಿವಿಯಲ್ಲಿತ್ತು. ಪಾಪ ಅನ್ನಿಸಿತು. ಹಾಗೆ ಅನ್ನಿಸಿದ್ದು ರಿಪೋರ್ಟಿನೊಳಗೆ ನುಸುಳಬಾರದು ಎಂದೂ ಅನ್ನಿಸಿತು. ಕ್ರೇಗ್‌ಗೆ ಫೋನ್ ಮಾಡಿ ಅವನು ಬಂದದ್ದನ್ನು, ಹೇಳಿದ್ದನ್ನು ತಿಳಿಸಿದೆ. ಜಾಗ ನೋಡದೆ ರಿಪೋರ್ಟಿಗೆ ಸಹಿ ಹಾಕುವುದಿಲ್ಲ ಎಂದೂ ಹೇಳಿದೆ. ಅವನು ನಿಟ್ಟುಸಿರು ಬಿಟ್ಟು ಒಪ್ಪಿಕೊಂಡ.

ಹೀಗೆ ಕ್ರೇಗ್, ವಿಲ್ಕ್ಸ್ ಮತ್ತು ನಾನು, ಬ್ರ್ಯಾಂಬಲ್ ಸೇರಿ ನಾಲ್ವರು, ಆ ಕಾಲುದಾರಿಯಲ್ಲಿ ನಿಂತೆವು. ವಿಲ್ಕ್ಸ್ ತೇಪೆ ಹಾಕಿದ ಹಸಿರು ಕೋಟಿನ, ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ. ದಾರಿಯ ಎದುರಿಗೆ ಉದ್ದ ಹುಲ್ಲಿನ ಒಂದು ಪಟ್ಟಿ. ಅದು ಆರ್ಚರಿ ಕ್ಲಬ್ಬಿನ ಗುರಿಹಲಗೆಗಳ ಹಿಂಭಾಗ. ಹುಲ್ಲು ದಾಟಿದರೆ ಕಂದುಬಣ್ಣಕ್ಕೆ ತಿರುಗಿದ ಜರಿಗಿಡಗಳ ಪೊದೆ. ಬಕ್ ಬಿದ್ದಿದ್ದು ಆ ಪೊದೆಯೊಳಗೆ.

"ಡಮ್ಮಿ ಎಲ್ಲಿ ಸಿಕ್ಕಿತು?" ಎಂದು ಕೇಳಿದೆ.

"ಪೊದೆಯ ಬಾಯಲ್ಲೇ. ನಾನೇ ಎತ್ತಿಕೊಂಡೆ. ಬಕ್ ಅದರಾಚೆಗಿತ್ತು."

"ಅಂದರೆ ಬ್ರ್ಯಾಂಬಲ್‌ಗೆ ಮೊದಲು ಸಿಗುವುದು ಡಮ್ಮಿ, ಆಮೇಲೆ ಬಕ್."

"ಖಂಡಿತ."

ಇಲ್ಲಿ ಇನ್ನೊಂದು ಪದ ಹೇಳಬೇಕು. ರಿಟ್ರೀವರ್‌ಗಳಿಗೆ ಫೀಲ್ಡ್ ಟ್ರಯಲ್ ಎಂಬ ಸ್ಪರ್ಧೆಗಳಿರುತ್ತವೆ. ಅಲ್ಲಿ ನಾಯಿ ದಾರಿಯಲ್ಲಿ ಮೊದಲು ಸಿಕ್ಕ ಹಕ್ಕಿಯನ್ನು ಎತ್ತಿ ತಂದರೆ ಸಾಮಾನ್ಯವಾಗಿ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಒಂದನ್ನು ಮುಟ್ಟಿದ ಮೇಲೆ ಅದನ್ನು ಬಿಟ್ಟು ಇನ್ನೊಂದಕ್ಕೆ ಬಾಯಿ ಹಾಕಿದರೆ ಅದು ಸ್ವಿಚಿಂಗ್. ಅಂಥ ನಾಯಿಯನ್ನು ಸ್ಪರ್ಧೆಯಿಂದ ಹೊರಗೆ ಕಳಿಸುತ್ತಾರೆ, ಸಾಕಿದವರು ಊರಲ್ಲಿ ತಲೆ ತಗ್ಗಿಸಿ ಓಡಾಡುತ್ತಾರೆ. ನಮ್ಮ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ನಾಯಿಗೆ ಕ್ಯಾನ್ಸರ್ ಎಂದಾಗಲೂ ಅಷ್ಟು ಮೌನ ಬೀಳುತ್ತಿರಲಿಲ್ಲ, ಯಾರದೋ ನಾಯಿ ಸ್ವಿಚ್ ಮಾಡಿತಂತೆ ಎಂದಾಗ ಬೀಳುತ್ತಿತ್ತು.

ನಾನು ಆದಷ್ಟು ಸಾದಾ ದನಿಯಲ್ಲಿ ಕೇಳಿದೆ: "ಹಾಗಾದರೆ ಬ್ರ್ಯಾಂಬಲ್ ಡಮ್ಮಿಯ ಹತ್ತಿರ ಹೋಗಿ, ಅದನ್ನು ಬಿಟ್ಟು, ಮುಂದೆ ಹೋಗಿ ಬಾಣ ಕಿತ್ತು ತಂದಳು. ಸ್ವಿಚ್ ಮಾಡಿದಳು ಅಂತ ರಿಪೋರ್ಟಿನಲ್ಲಿ ಬರೆಯಬಹುದೇ?"

ವಿಲ್ಕ್ಸ್‌ರ ಕಿವಿ ಕೆಂಪಾಯಿತು. "ಇವಳು ಜನ್ಮದಲ್ಲಿ ಸ್ವಿಚ್ ಮಾಡಿದವಳಲ್ಲ! ಇವಳ ತಾಯಿಯೂ ಮಾಡಿದವಳಲ್ಲ!"

"ನೋಡಿಯೇ ಬಿಡೋಣ," ಎಂದು ಕ್ರೇಗ್ ನಡುವೆ ಬಾಯಿ ಹಾಕಿದ. ನಾಯಿಯ ವಿಷಯ ಬಂದ ಮೇಲೆ ಅವನಿಗೂ ಉತ್ಸಾಹ ಬಂದಿತ್ತು.

ಕ್ಲಬ್ಬಿನಿಂದ ಒಂದು ಹಳೆಯ ಬಾಣ ತಂದೆವು. ಬ್ರ್ಯಾಂಬಲ್‌ಗೆ ಕಾಣದಂತೆ ಕ್ರೇಗ್ ಅದನ್ನು ಬಕ್ ಬಿದ್ದಿದ್ದ ಜಾಗದಲ್ಲಿ, ರಕ್ತದ ವಾಸನೆ ಇನ್ನೂ ಆರದ ನೆಲದಲ್ಲಿ ಚುಚ್ಚಿ ಬಂದ. ವಿಲ್ಕ್ಸ್ ಡಮ್ಮಿಯನ್ನು ಪೊದೆಯ ಬಾಯಿಗೆ ಎಸೆದು ಕೈ ಚಾಚಿದರು. ನಾಯಿ ಓಡಿತು, ಡಮ್ಮಿ ಎತ್ತಿತು, ತಲೆ ಎತ್ತಿ ರಕ್ತದ ಕಡೆಗೆ ಒಮ್ಮೆ ಮೂಸಿ, ನೇರ ವಾಪಸು ಬಂತು. ಎರಡನೆಯ ಸಲವೂ ಹಾಗೆಯೇ ಆಯಿತು. ಆಮೇಲೆ ಬಾಣವನ್ನು ಪೊದೆಯಿಂದ ತೆಗೆದು ಹುಲ್ಲಿನ ಪಟ್ಟಿಯಲ್ಲಿ, ನಾಯಿ ಓಡುವ ದಾರಿಯಲ್ಲಿ ಇಟ್ಟೆವು. ಇಮ್ರಾನ್ ಕಳೆದುಕೊಂಡೆ ಎಂದಿದ್ದ ಹುಲ್ಲೂ ಅದೇ. ಈ ಸಲ ಬ್ರ್ಯಾಂಬಲ್ ಡಮ್ಮಿಯವರೆಗೆ ಹೋಗಲೇ ಇಲ್ಲ. ಕಾಲಿಗೆ ಸಿಕ್ಕ ಬಾಣವನ್ನು ಎತ್ತಿಕೊಂಡು, ಬಾಲ ಆಡಿಸುತ್ತಾ ಬಂದು ಯಜಮಾನರ ಕೈಗೆ ಒಪ್ಪಿಸಿತು.

ವಿಲ್ಕ್ಸ್ ಬಾಣ ಹಿಡಿದು ನಿಂತರು. ಅವರ ಮುಂದೆ ಎರಡೇ ದಾರಿಗಳಿದ್ದವು. ತಮ್ಮ ಹೇಳಿಕೆ ಸರಿ ಎನ್ನಬೇಕಾದರೆ ನಾಯಿಗೆ ಕಳಂಕ ಹೊರಿಸಬೇಕು. ನಾಯಿ ಶುದ್ಧ ಎನ್ನಬೇಕಾದರೆ ಹೇಳಿಕೆ ನುಂಗಬೇಕು. ಹಟಮಾರಿ ಮನುಷ್ಯ, ಯಾವುದನ್ನು ಆರಿಸುತ್ತಾರೋ ಎಂದು ಅವರ ಮುಖವನ್ನೇ ನೋಡಿದೆ.

"ತಪ್ಪು ನನ್ನದು," ಎಂದರು ಕೊನೆಗೆ. "ಬ್ರ್ಯಾಂಬಲ್‌ಳದ್ದಲ್ಲ. ಹಾಗಂತ ಸ್ಪಷ್ಟವಾಗಿ ಬರೆದುಕೊಳ್ಳಿ."

ಕ್ರೇಗ್ ಬರೆದುಕೊಂಡ. ನನ್ನ ರಿಪೋರ್ಟಿನಲ್ಲಿ ಗಾಯದ ಆಕಾರ, ಜೋಡಿ ಪೆಟ್ಟು, ಬೆದೆಯ ಕಾಲ ಎಲ್ಲವೂ ಇದ್ದವು. ಬಾಣದ ಕಥೆ ಬಿದ್ದುಹೋದ ಮೇಲೆ ಅವನ್ನು ಯಾರೂ ಪ್ರಶ್ನಿಸಲಿಲ್ಲ. ಇಮ್ರಾನ್ ಮೇಲೆ ಕೇಸು ದಾಖಲಾಗಲಿಲ್ಲ, ವಿಶ್ವವಿದ್ಯಾಲಯಕ್ಕೂ ಹಾಗೆಂದು ಪತ್ರ ಹೋಯಿತು. ವೃತ್ತಿಯಲ್ಲಿ ಅಂಥ ಗೆಲುವು ದಿನಾ ಸಿಗುವುದಿಲ್ಲ. ಅಂದು ಸಂಜೆ ಖುಷಿಯಿಂದ ಕೋಣೆಯಲ್ಲಿ ಒಬ್ಬಳೇ ಎರಡು ಕಪ್ ಕಾಫಿ ಕುಡಿದೆ.

ಎಲ್ಲ ಮುಗಿದ ಮೇಲೆ ಇಮ್ರಾನ್ ಮತ್ತೆ ಬಂದ. ಈಗ ಮಾತಾಡಲು ಅಡ್ಡಿಯಿರಲಿಲ್ಲ. ಪೊದೆಯಲ್ಲಿ ನಡೆದದ್ದನ್ನೆಲ್ಲ ನಾನು ಉತ್ಸಾಹದಿಂದ ವರ್ಣಿಸಿದೆ. ಸ್ವಿಚಿಂಗ್ ಎಂದರೇನು, ವಿಲ್ಕ್ಸ್ ಮುಖ ಹೇಗಾಯಿತು, ಕ್ರೇಗ್ ಹೇಗೆ ಮೊಣಕಾಲೂರಿ ಬಾಣ ಚುಚ್ಚಿದ ಎಂದೆಲ್ಲ. ಅವನು ನಗುತ್ತಾನೆ ಅಂದುಕೊಂಡಿದ್ದೆ. ಪೂರ್ತಿ ಕೇಳಿಸಿಕೊಂಡು, ಥ್ಯಾಂಕ್ಸ್ ಹೇಳಿ, ಎದ್ದು ನಿಂತ.

"ಒಂದ ಮಾತು ಹೇಳ್ತೀನಿ ಮೇಡಂ, ತಪ್ಪ ತಿಳ್ಕೋಬ್ಯಾಡ್ರಿ. ಹುಲ್ಲಿನ್ಯಾಗ ಕಳದೈತಿ ಅಂತ ನಾ ಮೊದಲನೇ ದಿನಾನ ಹೇಳಿದ್ದೆ. ಹುಲ್ಲಿನ್ಯಾಗ ಸಿಕ್ತು ಅಂತ ನಾಯಿ ಹೇಳಿದ ಮ್ಯಾಲ ಎಲ್ಲಾರೂ ನಂಬಿದ್ರು. ನಾಯಿ ಸುಳ್ಳ ಹೇಳಂಗಿಲ್ಲ ಅಂತ ಅವರಿಗೆ ಗೊತ್ತಿತ್ತು. ನನ್ನ ಬಗ್ಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತ ಮಾಡ್ಕೊಳ್ಳಾಕೂ ಯಾರೂ ಬರಲಿಲ್ಲ."

ಅವನು ಹೇಳಿದ್ದು ನಿಜವೆಂದು ಒಪ್ಪಿಕೊಂಡೆ. ಬಹಳ ಬೇಸರವಾಯಿತು ಎಂದೂ ಹೇಳಿದೆ. ಅವನು ಪರವಾಗಿಲ್ಲ ಎಂಬಂತೆ ಕೈ ಆಡಿಸಿ ಬಸ್ ಹಿಡಿಯಲು ಹೋದ.

ಆಮೇಲೂ ಪೊಲೀಸರಿಗಾಗಿ ಅನೇಕ ಪ್ರಾಣಿಗಳನ್ನು ಪರೀಕ್ಷಿಸಿದ್ದೇನೆ. ಗಾಯವನ್ನು ಗಾಯವಾಗಿ ಓದಬೇಕು, ಕನಿಕರವನ್ನು ಕೋಣೆಯ ಹೊರಗಿಡಬೇಕು ಎಂಬ ನಿಯಮವನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಪ್ರತಿ ಸಲವೂ ಚಾಕು ಕೈಗೆತ್ತಿಕೊಳ್ಳುವ ಮೊದಲು, ಆರೋಪ ಹೊತ್ತವರು ಏನು ಹೇಳುತ್ತಿದ್ದಾರೆ, ಅದು ನಿಜವೇ ಎಂದು ಯಾರಾದರೂ ಹೋಗಿ ನೋಡಿದ್ದೀರಾ ಎಂದು ಕೇಳುತ್ತೇನೆ. ಹೆಚ್ಚಿನ ಸಲ ಯಾರೂ ನೋಡಿರುವುದಿಲ್ಲ.