ಹಸನ್‌ಸಾಬರ ಕ್ಲಚ್ ಕಾಲು

೧೯೬೧ರಲ್ಲಿ ನಾನು ಶಿರಸಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಹುಟ್ಟೂರು ಹಾವೇರಿ ಕಡೆ, ಹಾಗಾಗಿ ಮಾತು ಸ್ವಲ್ಪ ಜೋರು. ನನ್ನ ಚಪ್ಪಲಿ ಸದ್ದು ಕೇಳಿದರೆ ಗಂಡಸರ ವಾರ್ಡಿನಲ್ಲಿ ಬೀಡಿಗಳು ಆರಿಬಿಡುತ್ತಿದ್ದವು. ಅದನ್ನು ನಾನು ಇವತ್ತಿಗೂ ಮರ್ಯಾದೆ ಎಂದೇ ತಿಳಿದುಕೊಂಡಿದ್ದೇನೆ.

ಆ ವರ್ಷ ಮಳೆಗಾಲಕ್ಕೆ ಸ್ವಲ್ಪ ಮೊದಲು ಹಸನ್‌ಸಾಬರನ್ನು ಹೊತ್ತು ತಂದರು. ಯಲ್ಲಾಪುರದವರು, ಇಡಗುಂದಿ ಕಡೆಯ ಕಾಡಿನಿಂದ ನಾಟಾ ಸಾಗಿಸುವ ಲಾರಿಯ ಡ್ರೈವರ್. ಇಳಿಸುವಾಗ ದಿಮ್ಮಿಯೊಂದು ಉರುಳಿ ಎಡತೊಡೆಯ ಎಲುಬು ಮುರಿದಿತ್ತು. ಎಡಗಾಲೆಂದರೆ ಕ್ಲಚ್ ಒತ್ತುವ ಕಾಲು. ಮಳೆಗಾಲದಲ್ಲಿ ನಾಟಾ ಸಾಗಣೆ ಹೇಗೂ ನಿಂತಿರುತ್ತದೆ. ದೀಪಾವಳಿ ಕಳೆದು ಕಾಡಿನ ರಸ್ತೆ ಒಣಗುವಷ್ಟರಲ್ಲಿ ಕಾಲು ಗಟ್ಟಿಯಾಗದಿದ್ದರೆ ಲಾರಿಗೆ ಬೇರೆ ಡ್ರೈವರನ್ನು ನೋಡಬೇಕಾಗುತ್ತದೆ ಎಂದು ಮಾಲೀಕರು ಹೇಳಿಹೋಗಿದ್ದರು. ಹಸನ್‌ಸಾಬರ ಹೆಂಡತಿ ಜುಲೇಖಾ ಬಾಗಿಲ ಮರೆಗೆ ನನ್ನನ್ನು ಕರೆದು, “ಬಾಯಿ, ಲಾರಿ ಹೋದ್ರೆ ಈ ಮನುಷ್ಯ ಉಳಿಯೋದಿಲ್ಲ. ಅವ್ರಿಗೆ ಬೇರೆ ಏನೂ ಬರೋದೇ ಇಲ್ಲ” ಎಂದು ಕಣ್ಣೊರೆಸಿಕೊಂಡಳು.

ನಮ್ಮ ಡಾಕ್ಟರರು ರೌಂಡ್ಸಿನಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಹೇಳುವವರು. ಕನ್ನಡದಲ್ಲಿ ‘ಆಸರೆ’ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಾದದ್ದಕ್ಕೆ ಅವರಲ್ಲಿ ಎಷ್ಟೊಂದು ಹೆಸರು! ಮುರಿದ ಕಾಲು ಅಲುಗಾಡದಂತೆ ಹಿಡಿಯುವುದು ಸ್ಪ್ಲಿಂಟ್. ಎಲುಬಿನ ತುಂಡುಗಳು ಒಂದರ ಮೇಲೊಂದು ಏರದಂತೆ ಪಾದಕ್ಕೆ ತೂಕ ಕಟ್ಟಿ ಎಳೆಯುವುದು ಟ್ರ್ಯಾಕ್ಷನ್. ಕಂಕುಳಲ್ಲಿ ಇಟ್ಟುಕೊಂಡು ನಡೆಯುವ ಕೋಲುಗಳು ಕ್ರಚಸ್. ಕೊನೆಗೆ ‘ವಿದೌಟ್ ಸಪೋರ್ಟ್’, ಅಂದರೆ ಮನೆಗೆ ಹೋಗುವ ಕಾಲ ಹತ್ತಿರ ಬಂತೆಂದು ಅರ್ಥ.

ರೋಗಿಗಳಿಗೆ ಇದನ್ನೆಲ್ಲ ಬಿಡಿಸಿ ಹೇಳುವ ಕೆಲಸ ನನ್ನದು. ಹಸನ್‌ಸಾಬರಿಗೆ ಹೇಳುವುದೇ ಬೇಕಾಗಲಿಲ್ಲ. ಸ್ಪ್ಲಿಂಟ್ ಅಂದರೆ ಲಾರಿಯ ಭಾರ ಹೊರುವ ಕಬ್ಬಿಣದ ಪಟ್ಟಿ, ಪಾಟಾ, ಟ್ರ್ಯಾಕ್ಷನ್ ಅಂದರೆ ಕೆಟ್ಟ ಗಾಡಿಯನ್ನು ಎಳೆಯುವ ಟೋಚನ್, ಕ್ರಚಸ್ ಅಂದರೆ ಜಾಕ್ ಎಂದು ಗ್ಯಾರೇಜಿನ ಲೆಕ್ಕದಲ್ಲಿ ತಾವೇ ಅರ್ಥ ಮಾಡಿಕೊಂಡು, ಪಕ್ಕದ ಮಂಚದವರಿಗೂ ಪಾಠ ಮಾಡುತ್ತಿದ್ದರು.

ಪಕ್ಕದ ಮಂಚಕ್ಕೆ ಶ್ರಾವಣದ ಹೊತ್ತಿಗೆ ಬಂದವರು ವಾನಳ್ಳಿಯ ಅಡುಗೆ ಭಟ್ಟರು. ಯಾರದೋ ಮನೆಯ ಊಟಕ್ಕೆ ಸಾರಿನ ಪಾತ್ರೆ ಎತ್ತಲು ಹೋಗಿ ಜಾರಿ, ಪಾದದ ಗಂಟು ಮುರಿದುಕೊಂಡಿದ್ದರು. “ಸಾರು ಒಂದು ಹನಿ ಚೆಲ್ಲಿದ್ದಿಲ್ಲೆ” ಎಂದು ನೋವಿನಲ್ಲೂ ಹೆಮ್ಮೆ.

ಎಕ್ಸ್‌ರೇಯಲ್ಲಿ ಹಸನ್‌ಸಾಬರ ಎಲುಬು ಚೆನ್ನಾಗಿ ಕೂಡಿತ್ತು. ಕ್ರಚಸ್ ಮೇಲೆ ಓಡಾಡಿದ್ದೂ ಆಯಿತು. ಡಾಕ್ಟರರು “ವಿದೌಟ್ ಸಪೋರ್ಟ್” ಎಂದರು. ನಮ್ಮ ಸಾಬರು ಮಾತ್ರ ಕೋಲು ಬಿಡಲೊಲ್ಲರು! ರಾತ್ರಿ ಮಲಗುವಾಗಲೂ ಅವನ್ನು ಹಾಸಿಗೆಯ ಮೇಲೆ ಪಕ್ಕಕ್ಕಿಟ್ಟುಕೊಳ್ಳುತ್ತಿದ್ದರು.

“ನಟ್ ಟೈಟ್ ಆಗಿದ್ಯೋ ಇಲ್ವೋ ನೋಡ್ದೆ ಜಾಕ್ ತೆಗೀಬಾರದು ಬಾಯಿ.”

“ಎಕ್ಸ್‌ರೇದಾಗ ಕಾಣಸ್ತದಲ್ರೀ ಟೈಟ್ ಆಗಿದ್ದು!”

“ಫೋಟೋದಾಗಿನ ಕಾಲು ನಡೀತದಾ?”

ಸಿಟ್ಟೂ ಬಂತು, ನಗುವೂ ಬಂತು. ಒಂದು ಹಳೆಯ ಸೈಕಲ್ ಟ್ಯೂಬ್ ತರಿಸಿ ಅವರ ಪಾದಕ್ಕೆ ಸುತ್ತಿ, ಎರಡೂ ತುದಿಗಳನ್ನು ತಲೆಯ ಕಡೆಗೆ ಎಳೆದು ಭಟ್ಟರ ಕೈಗೆ ಕೊಟ್ಟೆ. ಹಸನ್‌ಸಾಬರು ಮಲಗಿದಲ್ಲೇ ಕ್ಲಚ್ಚಿನಂತೆ ಒತ್ತಬೇಕು, ಭಟ್ಟರು ಬಿಡದೆ ಹಿಡಿದಿರಬೇಕು. ಭಟ್ಟರು ಸಂತೋಷದಿಂದ ಒಪ್ಪಿಕೊಂಡರು. ಅವರ ಸಂತೋಷಕ್ಕೆ ಕಾರಣವಿತ್ತು. ವಾರ್ಡಿನಲ್ಲಿದ್ದದ್ದು ಒಂದೇ ಜೊತೆ ಕ್ರಚಸ್, ಸಾಬರು ಬಿಟ್ಟರೆ ಮುಂದಿನ ಸರದಿ ಭಟ್ಟರದು.

“ನೀನು ಬಿಟ್ರೇ ಅಲ್ದ ಎಂಗೆ ಸಿಗದು? ಒತ್ತಾ ಮಾರಾಯ! ಹೆದರಡ, ಆನು ಹಿಡ್ಕಂಡಿದ್ದಿ!”

ಆನು ಹಿಡ್ಕಂಡಿದ್ದಿ, ಅಂದರೆ ನಾನು ಹಿಡಿದುಕೊಂಡಿದ್ದೇನೆ. ಬೆಳಿಗ್ಗೆ ಸಂಜೆ ವಾರ್ಡಿನಲ್ಲೆಲ್ಲ ಇದೇ ಕೂಗು. ಹಸನ್‌ಸಾಬರು ಬಾಯಲ್ಲೇ ಗೇರ್ ಬದಲಿಸುವ ಸದ್ದು ಮಾಡುತ್ತ ಒತ್ತುವರು, ಭಟ್ಟರು ಹಲ್ಲುಕಚ್ಚಿ ಎಳೆಯುವರು. ಉಳಿದ ರೋಗಿಗಳು ನೋವು ಮರೆತು ನೋಡುತ್ತಿದ್ದರು. ಆ ಕಾಲಿಗೆ ದಿನದಿನಕ್ಕೂ ಬಲ ಬರುತ್ತಿತ್ತು. ಆದರೆ ಮಂಚದಿಂದ ಇಳಿದರೆ ಮಾತ್ರ ಕೈ ಕೋಲನ್ನೇ ಹುಡುಕುತ್ತಿತ್ತು.

ದೀಪಾವಳಿ ಮುಗಿದ ವಾರದಲ್ಲಿ ಮಾಲೀಕರು ಖಾಲಿ ಲಾರಿಯನ್ನು ಆಸ್ಪತ್ರೆಯ ಅಂಗಳಕ್ಕೇ ತರಿಸಿದರು. ನಡೆಸಿ ತೋರಿಸಿದರೆ ಸರಿ, ಇಲ್ಲದಿದ್ದರೆ ಬೇರೆಯವನು ತಯಾರಿದ್ದ. ಜುಲೇಖಾ ಕಟ್ಟೆಯ ಹತ್ತಿರ ಸೆರಗು ಬಾಯಿಗೊತ್ತಿ ನಿಂತಿದ್ದಳು. ಹಸನ್‌ಸಾಬರು ಕ್ರಚಸ್ ಊರುತ್ತಲೇ ಲಾರಿಯವರೆಗೆ ಹೋದರು. ಬಾಗಿಲು ಹಿಡಿದು ಒಳಗೆ ಹತ್ತಿ, ಕೋಲುಗಳನ್ನು ಸೀಟಿನ ಹಿಂದೆ ಸೇರಿಸಲು ನೋಡಿದರು.

“ಅವು ಸರಕಾರದ್ದು. ಇತ್ಲಾಗ ಕೊಡ್ರಿ” ಎಂದು ಕಸಿದುಕೊಂಡೆ. ತಂದು ವರಾಂಡದಲ್ಲಿ ಕೂತಿದ್ದ ಭಟ್ಟರ ಕೈಗಿಟ್ಟೆ.

ಎಂಜಿನ್ ಶುರುವಾಯಿತು. ಲಾರಿ ಅಲುಗಲಿಲ್ಲ. ಹಸನ್‌ಸಾಬರ ಮುಖ ಬಿಳಿಚಿ, ಹಣೆಯಲ್ಲಿ ಬೆವರು ಮೂಡಿತ್ತು. ಪಾದ ಕ್ಲಚ್ಚಿನ ಮೇಲಿದೆ, ಒತ್ತಲು ಧೈರ್ಯವಿಲ್ಲ. ಮಾಲೀಕರು ಗಡಿಯಾರ ನೋಡಿಕೊಂಡರು. ನಾನು ಲಾರಿಯ ಕಡೆ ಎರಡು ಹೆಜ್ಜೆ ಇಟ್ಟು ನಿಂತೆ. ಅಷ್ಟು ದಿನ ಬೈದದ್ದೆಲ್ಲ ಆ ಮನುಷ್ಯನ ಮೇಲಿನ ಅಕ್ಕರೆಯಿಂದಲೇ ಎಂದು ನನಗೆ ಆಗ ಗೊತ್ತಾಯಿತು.

ಅಷ್ಟರಲ್ಲಿ ಬೆನ್ನ ಹಿಂದಿನಿಂದ ಕೂಗು ಕೇಳಿತು. ಭಟ್ಟರು ಅದೇ ಮೊದಲ ಸಲ ಕ್ರಚಸ್ ಊರಿ, ಗಡಗಡ ನಡುಗುತ್ತ ಎದ್ದು ನಿಂತಿದ್ದರು. ಅವರ ಎರಡೂ ಕೈಗಳು ಕೋಲಿನ ಮೇಲೆ. ಲಾರಿ ಎಲ್ಲೋ, ಅವರೆಲ್ಲೋ.

“ಒತ್ತಾ ಮಾರಾಯ! ಆನು ಹಿಡ್ಕಂಡಿದ್ದಿ!”

ಹಸನ್‌ಸಾಬರು ಗಕ್ಕನೆ ತಿರುಗಿ ನೋಡಿದರು. ನೋಡಿ ನಕ್ಕರು. ನಗುತ್ತಲೇ ಕ್ಲಚ್ ಒತ್ತಿದರು, ಗೇರ್ ಬಿತ್ತು, ಲಾರಿ ಗೇಟು ದಾಟಿ ಯಲ್ಲಾಪುರದ ರಸ್ತೆ ಹಿಡಿಯಿತು. ಜುಲೇಖಾ ಅಳುತ್ತ ನನ್ನ ಕೈ ಹಿಡಿದುಕೊಂಡಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಭಟ್ಟರು ಕೊಟ್ಟ ಆ ಆಸರೆಗೆ ಡಾಕ್ಟರರ ಇಂಗ್ಲಿಷಿನಲ್ಲಿ ಯಾವ ಹೆಸರಿತ್ತೋ, ನಾನು ಕೇಳಲಿಲ್ಲ. ಆಮೇಲೆ ನಿವೃತ್ತಿಯವರೆಗೂ, ಮೊದಲ ಸಲ ಕೋಲು ಬಿಟ್ಟು ಹೆಜ್ಜೆ ಇಡುವ ಪ್ರತಿಯೊಬ್ಬ ರೋಗಿಯ ಹಿಂದೆ ನಾನು ಕೈಕಟ್ಟಿಕೊಂಡು ನಡೆದೆ. “ಹಿಡಕೊಂಡೀನಿ, ನಡೀರಿ” ಎಂದು ಜೋರಾಗಿ ಹೇಳುತ್ತ ನಡೆದೆ. ಹಿಡಿದಿದ್ದೇನೋ ಇಲ್ಲವೋ ಎಂದು ಯಾರೂ ತಿರುಗಿ ನೋಡಿದ್ದಿಲ್ಲ.