ಹೊಟ್ಟೆ ಒತ್ತಿದ ಗುಂಡಿ

ಬೆಳಕು ಹರಿಯುವ ಮೊದಲು ಪ್ರಫುಲ್ಲಾ ದೇಸಾಯಿ ಕಾರ್ಪೊರೇಷನ್ ನಲ್ಲಿಯ ನೀರು ಹಿಡಿದು ಡ್ರಮ್ಮು ತುಂಬಿಸಬೇಕು, ಊರಿಂದ ತಂದ ಜೋಳದ ಹಿಟ್ಟು ನಾದಿ ರೊಟ್ಟಿ ಬಡಿಯಬೇಕು, ಮಗಳು ತನ್ಮಯಿಗೆ ಬದನೆಕಾಯಿ ಸೇರದು ಎಂದು ಒಂದು ಪಲ್ಯ, ಗಂಡನಿಗೆ ಬದನೆಕಾಯಿಯೇ ಬೇಕು ಎಂದು ಇನ್ನೊಂದು ಪಲ್ಯ ಮಾಡಬೇಕು, ಗಂಡನ ಬೂಟಿಗೆ ಪಾಲಿಶ್ ಹಚ್ಚಬೇಕು, ಅವನು ರಾತ್ರಿ ಕಳಚಿ ಬಿಸಾಕಿದ ಪ್ಯಾಂಟಿನ ಜೇಬು ತಡವಿ ಬಕೆಟ್ಟಿಗೆ ಹಾಕಬೇಕು. ಎರಡು ವರ್ಷಗಳಿಂದ ಇವುಗಳ ಬಾಲಕ್ಕೆ ಮತ್ತೊಂದು ಕೆಲಸ ಸೇರಿಕೊಂಡಿತ್ತು. ಮೊಣಕಾಲೂರಿ ಸೋಫಾದಡಿ, ಮಂಚದಡಿ ಕೈಯಾಡಿಸಿ, ಗಂಡನ ಪಿಸ್ತೂಲಿನ ಮ್ಯಾಗಜೀನ್ ಎಲ್ಲಾದರೂ ಉದುರಿದೆಯೇ ಎಂದು ನೋಡುವುದು.

ಅವಳ ಗಂಡ ಋಷಿಕೇಶ ದೇಸಾಯಿ ಸರ್ಕಾರಿ ಕಂಪನಿಯೊಂದರ ಅಧಿಕಾರಿಯಾಗಿ ಧಾರವಾಡದಿಂದ ಕೋಲ್ಕತ್ತಕ್ಕೆ ಬಂದವನು. ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದಾಗ ಸ್ವಯಂ ನಿವೃತ್ತಿ ತೆಗೆದುಕೊಂಡು ಒಂದು ಸಾಫ್ಟ್‌ವೇರ್ ಕಂಪನಿಯ ಭದ್ರತೆಯ ಮುಖ್ಯಸ್ಥನಾದ. ಬಾಲಿಗಂಜ್‌ನಲ್ಲಿ ಕಂಪನಿಯದೇ ಫ್ಲ್ಯಾಟು, ಮನೆ ಬಾಗಿಲಿಗೆ ಕಂಪನಿಯ ಕಾರು. ಭದ್ರತೆಯ ಮುಖ್ಯಸ್ಥನ ಸೊಂಟ ಖಾಲಿ ಇರಬಾರದೆಂದು ಓಡಾಡಿ ಲೈಸೆನ್ಸ್ ಮಾಡಿಸಿ ಒಂದು ಪಿಸ್ತೂಲು ಕೊಂಡ. ಆಫೀಸಿನಲ್ಲಿ ರಾತ್ರಿ ಪಾಳಿಯ ಹುಡುಗಿಯರಿಗೆ ಮನೆಗೆ ಹೋಗಲು ಕಾರು ಸಿಗದ ದಿನಗಳಲ್ಲೂ ಆ ಪಿಸ್ತೂಲು ಯಾರ ಉಪಯೋಗಕ್ಕೂ ಬಂದದ್ದಿಲ್ಲ.

ಮ್ಯಾಗಜೀನ್ ಎಂದರೆ ಪಿಸ್ತೂಲಿನ ಹಿಡಿಯೊಳಗೆ ಕೂರುವ, ಗುಂಡು ತುಂಬಿದ ಚಪ್ಪಟೆ ಡಬ್ಬಿ. ಹಿಡಿಯ ಎಡಮಗ್ಗುಲಲ್ಲಿ ಒಂದು ಗುಂಡಿ ಇರುತ್ತದೆ. ಒತ್ತಿದರೆ ಡಬ್ಬಿ ಕಳಚಿ ಕೆಳಗಿಳಿಯುತ್ತದೆ. ಋಷಿಕೇಶ ಪಿಸ್ತೂಲನ್ನು ಬಲಸೊಂಟದಲ್ಲಿ, ಪ್ಯಾಂಟಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದ. ಕೂತಾಗ ಅವನ ಹೊಟ್ಟೆ ಪಕ್ಕಕ್ಕೆ ಹರಿದು ಸರಿಯಾಗಿ ಆ ಗುಂಡಿಯ ಮೇಲೆ ಹೇರಿಕೊಳ್ಳುತ್ತಿತ್ತು. ಎದ್ದಾಗ ಡಬ್ಬಿ ಜಾರುತ್ತಿತ್ತು. ಧರ್ಮತಲಾದ ಬಂದೂಕಿನ ಅಂಗಡಿಯವನು ಮೊದಲ ದಿನವೇ ಗುಂಡಿಯನ್ನು ಮುಚ್ಚಿ ಕಾಯುವ ಗಟ್ಟಿ ಚರ್ಮದ ಒರೆ ತೋರಿಸಿದ್ದ. ಆದರೆ ಅದನ್ನು ಕಟ್ಟಿಕೊಳ್ಳಬೇಕಾದರೆ ದೊಡ್ಡ ಸೊಂಟದ ಪ್ಯಾಂಟು ಹೊಲಿಸಬೇಕು, ಹೊಲಿಸಬೇಕಾದರೆ ಸೊಂಟ ದೊಡ್ಡದಾಗಿದೆ ಎಂದು ದರ್ಜಿಯ ಮುಂದೆ ಒಪ್ಪಿಕೊಳ್ಳಬೇಕು. ಋಷಿಕೇಶ ಒಪ್ಪಲಿಲ್ಲ.

"ಮನ್ಯಾಗ ಹೊಲಿಗಿ ಮಷೀನ್ ಅದ, ಹೆಂಡ್ತಿ ಇದ್ದಾಳ. ಚರ್ಮದ್ದ್ಯಾಕ?" ಎಂದು ಹಳೆಯ ಜೀನ್ಸ್ ಕತ್ತರಿಸಿ ಪ್ರಫುಲ್ಲಾಳಿಂದ ಪಿಸ್ತೂಲಿನ ಹಿಡಿ ಹೊರಗುಳಿಯುವ ಒಂದು ಚೀಲ ಹೊಲಿಸಿದ. ಮ್ಯಾಗಜೀನ್ ಬಿದ್ದಾಗಲೆಲ್ಲ ಚೀಲ ಸಡಿಲವಾಗಿದೆ ಎಂದು ಮತ್ತಷ್ಟು ಬಿಗಿ ಹೊಲಿಸಿದ. ಬಿಗಿಯಾದಷ್ಟೂ ಹಿಡಿ ಹೊಟ್ಟೆಗೆ ಆನಿ ಗುಂಡಿ ಹೆಚ್ಚು ಒತ್ತುತ್ತಿತ್ತು. ಹಾಗೆಂದು ಅವಳು ಹೇಳಿದಾಗ, "ನಿನಗ ಲೈಸೆನ್ಸ್ ಅದ ಏನು?" ಎಂದು ಕೇಳಿ ನಕ್ಕಿದ್ದ.

ಹಿಂದಿನ ವರ್ಷ ದುರ್ಗಾಪೂಜೆಯ ಅಷ್ಟಮಿಯ ದಿನ ಪಂಡಾಲಿನಲ್ಲಿ ದೇವಿಗೆ ಹೂವಿನ ಅಂಜಲಿ ಕೊಡಲು ಬಗ್ಗಿದಾಗ ಮ್ಯಾಗಜೀನ್ ಅವನ ಅಂಗಿಯಡಿಯಿಂದ ಜಾರಿ ಜನರ ನಡುವೆ ನೆಲಕ್ಕೆ ಬಿತ್ತು. ಪ್ರಫುಲ್ಲಾ ತಲೆ ಸುತ್ತಿದವಳಂತೆ ಅದರ ಮೇಲೆಯೇ ಕುಕ್ಕರಿಸಿ ಕೂತಳು. ಮಂತ್ರ ಮುಗಿಯುವವರೆಗೂ ಸೀರೆಯಡಿ ಆ ತಣ್ಣನೆಯ ಕಬ್ಬಿಣ ತೊಡೆಗೆ ಒತ್ತುತ್ತಿತ್ತು. ಗಂಡ ಪಕ್ಕದಲ್ಲಿ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದ. ಮನೆಗೆ ಬಂದವನೇ ಚೀಲ ಬಿಚ್ಚಿ ಅವಳ ಮಡಿಲಿಗೆ ಎಸೆದ.

"ಇನ್ನೊಂದು ಹೊಲಿಗಿ ಹಾಕು. ಇವತ್ತು ನನ್ನ ಮರ್ಯಾದಿ ಹೋಗ್ತಿತ್ತು."

ಈ ವರ್ಷ ಒಂದು ಸೋಮವಾರ ಬೆಳಿಗ್ಗೆ ಮ್ಯಾಗಜೀನ್ ಸೋಫಾದಡಿಯೂ ಇರಲಿಲ್ಲ, ಮಂಚದಡಿಯೂ ಇರಲಿಲ್ಲ. ಆಫೀಸಿಗೆ ಹೊರಟ ಋಷಿಕೇಶ ಅಲ್ಮೇರಾ ತೆಗೆದು ಪಿಸ್ತೂಲು ಎತ್ತಿಕೊಂಡರೆ ಹಿಡಿ ಟೊಳ್ಳು.

ತನ್ಮಯಿ ಬೂಟಿನ ಲೇಸು ಕಟ್ಟುತ್ತ ಕೇಳಿದಳು, "ಅಪ್ಪಾಂದು ಮತ್ತ ಫಿರ್ ಸೇ ಬಿತ್ತಾ, ಅಮ್ಮಾ?"

"ಬಾಯಿ ಮುಚ್ಕೊಂಡು ಸ್ಕೂಲಿಗೆ ಹೋಗು," ಎಂದ ಅಪ್ಪ.

ಮಗಳು ಹೋದ ಮೇಲೆ ಪ್ರಫುಲ್ಲಾ ಕೇಳಿದಳು, "ನಿನ್ನೆ ಎಲ್ಲೆಲ್ಲಿ ಕೂತಿದ್ರಿ, ನೆನಪು ಮಾಡ್ಕೋರಿ."

"ಎಲ್ಲೂ ಕೂತಿಲ್ಲ. ಅಲ್ಮೇರಾದಾಗ ಇಟ್ಟಿದ್ದೆ. ನಿನ್ನೆ ಈ ಖೋಲಿ ಕಸಾ ಹೊಡದಾಕಿ ಯಾರು?"

ಕಸ ಹೊಡೆದವಳು ಮಿನತಿ. ತನ್ಮಯಿ ತೊಟ್ಟಿಲಲ್ಲಿದ್ದಾಗಿನಿಂದ ಇವರ ಮನೆಯ ಪಾತ್ರೆ, ನೆಲ, ಬಟ್ಟೆ ಅವಳದೇ. ದಿನವೂ ಮುಂಜಾನೆಯ ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಬಂದು ಬಾಲಿಗಂಜ್ ಸ್ಟೇಷನ್ನಿನಲ್ಲಿ ಇಳಿದು ನಾಲ್ಕು ಮನೆ ಮುಗಿಸಿ ಹಿಂದಿರುಗುವವಳು. ಮನೆಯಲ್ಲಿ ಅವಳು ಮುಟ್ಟದ ಜಾಗ ಒಂದೇ, ಋಷಿಕೇಶನ ಕೋಣೆಗೆ ಹೊಂದಿಕೊಂಡ ಅವನ ಬಚ್ಚಲು. ತಾನು ಸ್ನಾನ ಮಾಡಿ ಸಂಧ್ಯಾವಂದನೆಗೆ ನೀರು ಹಿಡಿಯುವ ಜಾಗಕ್ಕೆ ಕೆಲಸದವಳು ಕಾಲಿಡಬಾರದು ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ. ಅದನ್ನು ಪ್ರಫುಲ್ಲಾಳೇ ತಿಕ್ಕಬೇಕು.

"ಮಿನತಿ ಅದನ್ನ ತಗೊಂಡು ಏನು ಮಾಡ್ತಾಳ್ರೀ? ಎಲ್ಲೋ ಬೀಳಿಸೀರಿ."

"ಬೀಳಿಸೇನಿ ಅಂತ ಠಾಣೆದಾಗ ಹೇಳ್ಲೇನು? ಲೈಸೆನ್ಸ್ ಕಿತ್ಕೋತಾರ. ಲೈಸೆನ್ಸ್ ಹೋದ್ರ ಈ ಕೆಲಸ ಇಲ್ಲ, ಈ ಮನಿ ಇಲ್ಲ, ನಿನ್ನ ಮಗಳ ಸ್ಕೂಲೂ ಇಲ್ಲ. ತಿಳೀತೇನು? ಕಳುವಾತು ಅಂದ್ರ ನಂದೇನು ತಪ್ಪು?"

ಅವನು ನೆಟ್ಟಗೆ ಠಾಣೆಗೆ ಹೋಗಿ ಹಾಗೆಯೇ ಹೇಳಿದ. ಸ್ವಲ್ಪ ಹೊತ್ತಿಗೆ ಒಬ್ಬ ಅಧಿಕಾರಿಯನ್ನೂ ಇಬ್ಬರು ಪೊಲೀಸರನ್ನೂ ಕರೆದುಕೊಂಡೇ ಬಂದ. ಮಿನತಿ ಪಾತ್ರೆ ತೊಳೆಯುತ್ತಿದ್ದಳು. ಕೈಯ ಸಾಬೂನು ಮೊಣಕೈವರೆಗೆ ಇಳಿಯುತ್ತಿದ್ದಂತೆಯೇ ಎಬ್ಬಿಸಿದರು.

"ಬೌದಿ, ನಾನು ಏನು ತೆಗೆದುಕೊಂಡೆನೆಂದು ಕೇಳುತ್ತಿದ್ದಾರೆ ಇವರು?" ಎಂದಳು ಮಿನತಿ, ತನ್ನ ಬಂಗಾಳಿಯಲ್ಲಿ. ಅತ್ತಿಗೆ ಎಂಬ ಅರ್ಥದ ಆ ಮಾತಿನಿಂದಲೇ ಅವಳು ಯಾವಾಗಲೂ ಪ್ರಫುಲ್ಲಾಳನ್ನು ಕರೆಯುವುದು.

"ಇವಳು ತೆಗೆದುಕೊಂಡಿಲ್ಲ," ಎಂದು ಪ್ರಫುಲ್ಲಾ ಅಧಿಕಾರಿಗೆ ಹಿಂದಿಯಲ್ಲಿ ಹೇಳಿದಳು. ಅಧಿಕಾರಿ ಋಷಿಕೇಶನ ಮುಖ ನೋಡಿದ. ಋಷಿಕೇಶ ನಕ್ಕು, ಹೆಂಗಸರ ಮನಸ್ಸು ಮೆತ್ತಗೆ, ಕೆಲಸದವರು ಹೋದರೆ ಪಾತ್ರೆ ತಾವೇ ತೊಳೆಯಬೇಕಲ್ಲ ಎಂದ. ಗಂಡಸರೆಲ್ಲ ನಕ್ಕರು. ಮಿನತಿಯನ್ನು ಜೀಪಿಗೆ ಹತ್ತಿಸಿದರು. ಋಷಿಕೇಶ ಕಂಪನಿಯ ಕಾರು ಹತ್ತಿದ.

ಪ್ರಫುಲ್ಲಾ ಅರ್ಧ ತೊಳೆದ ಪಾತ್ರೆಗಳನ್ನು ಮುಗಿಸಿದಳು. ಬ್ರಶ್ಶು, ಫಿನಾಯಿಲ್ ಹಿಡಿದು ಗಂಡನ ಬಚ್ಚಲಿಗೆ ಹೋದಳು. ಕಮೋಡಿನ ಸುತ್ತ ಎಂದಿನಂತೆ ಹಳದಿ ಹನಿಗಳು. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಅವನು ಕೂರುವ ಹಲಗೆ ಎತ್ತಿ ಉಚ್ಚೆ ಹೊಯ್ದವನಲ್ಲ, ಒಂದು ಚೊಂಬು ನೀರು ಸುರಿದವನಲ್ಲ. ಮೂಗು ಸೆರಗಿನಿಂದ ಮುಚ್ಚಿಕೊಂಡು ಕಮೋಡಿನ ಹಿಂದೆ, ಗೋಡೆಯ ಸಂದಿಗೆ ಬ್ರಶ್ಶು ಹಾಕಿದಳು. ಏನೋ ಟಣ್ ಎಂದಿತು.

ಕೂದಲು, ನೆನೆದ ಧೂಳು, ಸಾಬೂನಿನ ಪಾಚಿ. ಅದರ ನಡುವೆ ಮ್ಯಾಗಜೀನ್. ನಿನ್ನೆ ಸಂಜೆ ಪ್ಯಾಂಟು ಇಳಿಸಿ ಕೂತಾಗ ಜಾರಿದ್ದು.

ಅವಳು ಹಾಲಿಗೆ ಬಂದು ಗಂಡನ ಆಫೀಸಿಗೆ ಫೋನ್ ಮಾಡಿದಳು.

"ಸಿಕ್ತು. ನಿಮ್ಮ ಕಮೋಡಿನ ಹಿಂದ. ಈಗ ಠಾಣೆಗೆ ಫೋನ್ ಮಾಡಿ ಆಕಿನ್ನ ಬಿಡಿಸ್ರಿ."

ಆ ಕಡೆ ಅವನು ದನಿ ತಗ್ಗಿಸಿದ. "ಛಲೋ ಆತು. ತೊಳದು ಒರಸು. ಆಕಿ ಚೀಲ ಅಲ್ಲೇ ಅದ ಅಲ್ಲ, ಅಡಗಿ ಮನ್ಯಾಗ? ಅದರಾಗ ಹಾಕು. ಸಂಜಿಗೆ ಪೊಲೀಸರನ್ನ ಕರಕೊಂಡು ಬರ್ತೇನಿ. ಸಿಕ್ತು ಅಂತ ಕಂಪ್ಲೇಂಟ್ ವಾಪಸ್ ತಗೊಂಡ್ರಾತು, ಆಕಿನ್ನೂ ಬಿಡ್ತಾರ."

"ಕಳ್ಳಿ ಅನಿಸಿ ಬಿಡ್ತಾರ."

"ಬಿಡ್ತಾರಲ್ಲ? ಮತ್ತೇನು ಬೇಕು ಆಕಿಗೆ? ಕೈಗೆ ಒಂದಿಷ್ಟು ರೊಕ್ಕ ಕೊಡೋಣು. ನೀ ಊಟ ಮಾಡು, ಸುಮ್ನ ತಲಿ ಕೆಡಿಸ್ಕೋಬ್ಯಾಡ."

ಅಡುಗೆ ಮನೆಯ ಮೊಳೆಗೆ ಮಿನತಿಯ ನೈಲಾನ್ ಚೀಲ ನೇತಾಡುತ್ತಿತ್ತು. ಒಳಗೆ ಹಿಂದಿರುಗುವಾಗ ಉಡುವ ಸೀರೆ, ಬಾಚಣಿಗೆ, ಟ್ರೇನಿನ ಪಾಸು, ಮೊಮ್ಮಗಳಿಗೆಂದು ಕೊಂಡ ಎರಡು ಸೀಬೆಹಣ್ಣು. ಮ್ಯಾಗಜೀನ್ ಅದರೊಳಗೆ ಇಳಿಬಿಟ್ಟರೆ ಮುಗಿಯಿತು. ಕೆಲಸವೂ ಮನೆಯೂ ಸ್ಕೂಲೂ ಉಳಿಯುತ್ತವೆ, ನಾಳೆ ಬೇರೊಬ್ಬ ಕೆಲಸದವಳು ಬರುತ್ತಾಳೆ. ಮಿನತಿಗೆ ಈ ಬೀದಿಯಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ. ಲೈಸೆನ್ಸ್ ಹೋದರೆ ಗಂಡ ಹೇಳಿದ್ದೆಲ್ಲ ಆಗುತ್ತದೆ ಎಂಬುದು ಪ್ರಫುಲ್ಲಾಳಿಗೆ ಗೊತ್ತಿತ್ತು. ಅವಳ ಹೆಸರಿನಲ್ಲಿ ಸ್ವಂತದ್ದು ಎನ್ನುವುದು ಏನೂ ಇರಲಿಲ್ಲ.

ಕೈ ತೊಳೆದು ಸೀರೆ ಬದಲಿಸಿದಳು. ಕೂದಲು ಧೂಳು ಅಂಟಿದ್ದಂತೆಯೇ ಮ್ಯಾಗಜೀನನ್ನು ಒಂದು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತನ್ನ ಕೈಚೀಲಕ್ಕೆ ಹಾಕಿದಳು. ಮಿನತಿಯ ಚೀಲವನ್ನು ಮೊಳೆಯಿಂದ ಬಿಡಿಸಿ ಹೆಗಲಿಗೇರಿಸಿದಳು. ಬಾಗಿಲಿಗೆ ಬೀಗ ಹಾಕುವಾಗ ಒಳಗೆ ಫೋನು ಬಡಿದುಕೊಳ್ಳತೊಡಗಿತು. ಅವಳು ಮೆಟ್ಟಿಲಿಳಿದು ತಿರುವಿನಲ್ಲಿ ನಿಂತಿದ್ದ ರಿಕ್ಷಾ ಹತ್ತಿ, ಠಾಣೆಗೆ ಹೋಗಬೇಕು ಎಂದಳು.