ಬೊವಾದುವಿನ ಮನೆಗೆ ಎರಡು ಡಬ್ಬಿ ಬಣ್ಣ

ಬದುಕಿದ್ದಾಗ ಒಂದು ಬಕೆಟ್ ಸುಣ್ಣಕ್ಕೂ ಗತಿಯಿಲ್ಲದ ಮನೆಗೆ, ಯಜಮಾನ ಸತ್ತ ಮೇಲೆ ಎರಡು ಡಬ್ಬಿ ಬಣ್ಣ ಬಂತು. ದುಫಿಯೆ ಅವನ್ನು ಕಾಲಿನಿಂದ ಮೂಲೆಗೆ ತಳ್ಳಿದಳು.

ಕುಮಾಸಿ ಪಟ್ಟಣದ ಪಕ್ಕದ ಆ ಊರಿನಲ್ಲಿ ಬಾಳೆಕಾಯಿ ಸುಟ್ಟು ಮಾರಿ ಸಂಸಾರ ತೂಗಿಸಿದವಳು ಅವಳು. ಗಂಡ ಬೊವಾದು ಬೂಷ್ಟು ಹಿಡಿದ ಗೋಡೆಯ ಪಕ್ಕ ಕೆಮ್ಮಿ ಕೆಮ್ಮಿ ಸೊರಗುವಾಗ ಮಗಳು ಪೊಕುವಾ 'ಮುಂದಿನ ವರ್ಷ ನೋಡೋಣ' ಅಂದಿದ್ದಳು. ಅಳಿಯಸಂತಾನದ ಕಟ್ಟಳೆಯಂತೆ ಮನೆಗೆ ವಾರಸುದಾರನಾಗುವ, ಗಂಡನ ಸೋದರಳಿಯ ಸಾರ್ಪೊಂಗ್ ಅಷ್ಟನ್ನೂ ಅಂದಿರಲಿಲ್ಲ. ಈಗ ಹೆಣ ಶವಾಗಾರದಲ್ಲಿ ಕಾಯುತ್ತಿತ್ತು. ಬಣ್ಣ ಕಾಣದ ಮನೆಗೆ ಹೆಣ ತಂದರೆ ಊರವರು ನಗುತ್ತಾರಲ್ಲ!

ಮಗಳೂ ಸೋದರಳಿಯನೂ ಒಂದೊಂದು ಡಬ್ಬಿ ತಂದು ಗೋಡೆಗೆ ಒಂದೊಂದು ಪಟ್ಟೆ ಬಳಿದಿದ್ದರು. ಎರಡೂ ತಿಳಿ ನೀಲಿಹಸಿರು.

"ನಂದು ಸಮುದ್ರದ ಥರ ಇದೆ. ನಿಂದು ಪಾಚಿ," ಎಂದಳು ಪೊಕುವಾ.

"ನಿಂದು ಶಾಲೆ ಕಕ್ಕಸಿನ ಗೋಡೆ, ಹೋಗೇ!" ಎಂದ ಸಾರ್ಪೊಂಗ್. "ಮಾವನ ಮನೆ ಬಣ್ಣ ಕುಲದೋರು ಹೇಳ್ಬೇಕು, ಮಕ್ಕಳಲ್ಲ. ಅತ್ತೆ, ನೀವೇ ಹೇಳಿ, ಯಾವ್ದು ಚೆಂದ?"

"ನಂಗೆ ಎರಡೂ ಒಂದೇ ಕಣಪ್ಪ. ಶನಿವಾರ ಅವರನ್ನ ಮಣ್ಣು ಮಾಡ್ರೋ, ಸಾಕು."

"ಒಂದೇನಾ? ಅವ್ವಂಗೆ ಕಣ್ಣು ಮಂಜಾಗಿದೆ," ಎಂದು ಮಗಳು ಮೂಗು ಮುರಿದಳು.

ಕುಲದ ಹಿರಿಯ ಬಂದ. ಪಟ್ಟೆಗಳನ್ನು ನೋಡಿ ಗಡ್ಡ ಕೆರೆದುಕೊಂಡು, ಒಮ್ಮತ ಬರುವ ತನಕ ಶವಸಂಸ್ಕಾರ ಮುಂದಿನ ತಿಂಗಳಿಗೆ ಹೋಗಲಿ ಎಂದುಬಿಟ್ಟ. ಇನ್ನೊಂದು ತಿಂಗಳು ಆ ಹಿಮದ ಪೆಟ್ಟಿಗೆಯಲ್ಲಿ! ಚಳಿ ಅಂದರೆ ಆಗದ ಮನುಷ್ಯ. ಹೆಂಡತಿ ಆ ಕುಲದವಳಲ್ಲ. ಅವಳ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಶನಿವಾರಕ್ಕೆ ಹೇಳಿದ್ದ ಬಾಡಿಗೆ ಕುರ್ಚಿ ಬೇಡವೆನ್ನಲು ಪೇಟೆಗೆ ಹೊರಟರು. ಅವರು ಮರೆಯಾಗುತ್ತಲೇ ಅವಳು ಬಟ್ಟೆ ಒಗೆಯುವ ಬೋಗುಣಿ ಎಳೆದು, ಎರಡೂ ಡಬ್ಬಿ ಅದಕ್ಕೆ ಸುರಿದು, ಸೌದೆಯಿಂದ ಕಲಸಿದಳು. ಖಾಲಿ ಡಬ್ಬಿಗಳನ್ನು ತಿಪ್ಪೆಗೆ ಎಸೆದಳು. ಸಂಜೆಯೊಳಗೆ ಒಳಗೋಡೆಯೆಲ್ಲ ಬಳಿದಾಗ ಸೊಂಟ ಬಿದ್ದುಹೋಗಿತ್ತು.

ಮೊದಲು ಬಂದ ಪೊಕುವಾ ತಾಯಿಯನ್ನು ತಬ್ಬಿಕೊಂಡಳು. "ಕೊನೆಗೂ ನಂದೇ ಹಚ್ಚಿದ್ಯಲ್ಲವ್ವಾ! ಅವನ ಮುಂದೆ ಬಾಯಿ ಬಿಡ್ಬೇಡ, ಉರ್ಕೋತಾನೆ."

ಹಿಂದೆಯೇ ಸಾರ್ಪೊಂಗ್ ಅಡುಗೆಮನೆಗೆ ನುಸುಳಿದ. "ಕುಲದ ಮಾನ ಉಳಿಸಿದ್ರಿ ಅತ್ತೆ. ಅಪ್ಪಟ ನನ್ನ ಬಣ್ಣ. ಅವಳಿಗೆ ಹೇಳ್ಬೇಡಿ, ಪಾಪ."

ಥೂ, ಇವರ ಜನ್ಮಕ್ಕಿಷ್ಟು! ಅವಳು ಬೋಗುಣಿಗೆ ಅಂಟಿದ ಬಣ್ಣ ತಿಕ್ಕತೊಡಗಿದಳು.

ಒಮ್ಮತ ಬಂತೆಂದು ಕುಲದ ಹಿರಿಯ ಒಪ್ಪಿದ; ಶನಿವಾರವೇ ಹೆಣ ಮನೆಗೆ ಬಂತು. ನೆಂಟರೆಲ್ಲ ಗೋಡೆಯನ್ನೇ ನೋಡಿ ಹೊಗಳುತ್ತಿದ್ದಾಗ ದುಫಿಯೆ ಗಂಡನ ಕಿವಿಯ ಹತ್ತಿರ ಬಗ್ಗಿದಳು.

"ಇಬ್ರೂ ಗೆದ್ರಂತೆ ಕಣ್ರೀ," ಎಂದಳು. "ನೀವಿನ್ನು ಹೊರಡಿ."